ಲಾಭ, ಎರಡು, ಮೂರು

ಆ ಯಂತ್ರದ ಮೇಲುಗಡೆ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ‘ಯಂತ್ರ ಏನು ಕೇಳಿದರೂ ಏನನ್ನೂ ಟೈಪ್ ಮಾಡಕೂಡದು. ರಿಟರ್ನ್ ಕೀ ಮಾತ್ರ ಒತ್ತುವುದು.’ ಕೆಳಗೆ ಮ್ಯಾನೇಜರರ ಸಹಿ, ಸಂಘದ ಮೊಹರು. ಕೆಲಸಕ್ಕೆ ಸೇರಿದ ದಿನವೇ ಅದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕೇಳಿದವರಿಗೆ ಉತ್ತರ ಕೊಡಬೇಡಿ ಅನ್ನುವುದು ಯಾವ ಸೀಮೆಯ ಮರ್ಯಾದೆ? ಬಂದವರ ಮುಂದೆ ಬಾಯಿ ಬಿಡಬೇಡ ಎಂದು ಮನೆಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಇಲ್ಲಿ ಅದಕ್ಕೆ ಮೊಹರು ಬೇರೆ ಒತ್ತಿ ಗೋಡೆಗೆ ಹಚ್ಚಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಿತ್ರದುರ್ಗದಲ್ಲಿ ಅತ್ತೆಯ ಮನೆಯಲ್ಲಿದ್ದು ಬಿ.ಎಸ್ಸಿ. ಮುಗಿಸಿ, ಶೇಂಗಾ ಕೊಳ್ಳುವ ಒಂದು ಸಂಘದಲ್ಲಿ ಕೆಲಸಕ್ಕಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೋದಾಮುಗಳಿಂದ ರೈತರ ತೂಕದ ಚೀಟಿಗಳು ಕಟ್ಟುಕಟ್ಟಾಗಿ ಬಸ್ಸಿನಲ್ಲಿ ಬರುತ್ತಿದ್ದವು. ಅವನ್ನು ತೂತಿನ ಕಾಗದದ ಪಟ್ಟಿಯ ಮೇಲೆ ಹೊಡೆಯುವುದು ನನ್ನ ಕೆಲಸ. ಆ ಪಟ್ಟಿಯನ್ನು ನುಂಗಿ ಲೆಕ್ಕ ಮಾಡುವುದು ಕಂಪ್ಯೂಟರಿನ ಕೆಲಸ. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಸಂಘದವರು ಅಗ್ಗಕ್ಕೆ ತಂದು ತಗಡಿನ ಸೂರಿನ ಒಂದು ಕೋಣೆಯಲ್ಲಿ ಕೂರಿಸಿದ್ದರು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಮುಂಭಾಗದಲ್ಲಿ ಸಾಲು ದೀಪ, ಸಾಲು ಸ್ವಿಚ್ಚು. ಪಕ್ಕದಲ್ಲಿ ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳುವ ಒಂದು ಟೈಪ್‌ರೈಟರು. ಅದರ ಮುಂದಿನ ಕುರ್ಚಿ ಹಿರಿಯ ಆಪರೇಟರದು. ಅವರು ಒಳ್ಳೆಯವರು, ಆದರೆ ಮ್ಯಾನೇಜರರ ಚಪ್ಪಲಿ ಸದ್ದು ಕೇಳಿದರೂ ಎದ್ದು ನಿಲ್ಲುವವರು.

ಬೆಳಿಗ್ಗೆ ಯಂತ್ರವನ್ನು ಎಬ್ಬಿಸುವುದೇ ಒಂದು ದೊಡ್ಡ ಕೆಲಸ. ಸ್ವಿಚ್ಚುಗಳನ್ನು ಒಂದು ಕ್ರಮದಲ್ಲಿ ಮೇಲೆ ಕೆಳಗೆ ಮಾಡಿ, ಶುರುವಿನ ಪಟ್ಟಿಯನ್ನು ತೂರಿಸಬೇಕು. ಆ ಪಟ್ಟಿಯಲ್ಲಿ ಇದ್ದದ್ದು ಇಡೀ ಯಂತ್ರವನ್ನು ಆಳುವ ಒಳಗಿನ ತಿರುಳು. ಕೈಪಿಡಿಯಲ್ಲಿ ಅದಕ್ಕೆ ಕರ್ನೆಲ್ ಅಂತ ಹೆಸರು. ಮ್ಯಾನೇಜರರಿಗೆ ಕರ್ನೆಲ್ ಅಂದರೆ ಸಿಪ್ಪೆ ಸುಲಿದ ಶೇಂಗಾ ಬೀಜ, ಅವರ ಬಿಲ್ಲುಗಳಲ್ಲೆಲ್ಲ ಅದೇ ಪದ. ಯಂತ್ರದೊಳಗೆ ಬೀಜ ಹಾಕಿದ್ದು ಯಾರು ಎಂದು ಒಮ್ಮೆ ಗಾಬರಿಯಾಗಿದ್ದರಂತೆ. ನಮ್ಮ ಸ್ಟೋರ್ ಕೀಪರಿಗೆ ಅದು ದಂಡಿನ ಕರ್ನಲ್. ಮೊದಲು ಮಂಡಿಯಲ್ಲಿ ಶೇಂಗಾ ಅಳೆಯುತ್ತಿದ್ದ ಮನುಷ್ಯ, ಮೀಸೆ ಬೆಳ್ಳಗಾದ ಮೇಲೆ ಸ್ಟೋರಿಗೆ ಬಂದವರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಇಣುಕಿ, ಕರ್ನಲ್ ಸಾಹೇಬ್ರು ಎದ್ದರಾ ಅಂತ ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಬರಬರುತ್ತಾ ನಾವೂ ಕರ್ನಲ್ ಸಾಹೇಬ್ರು ಅಂತಲೇ ಅನ್ನತೊಡಗಿದೆವು.

ಸಾಹೇಬರಿಗೆ ಒಂದು ಅಭ್ಯಾಸ. ಪೂರ್ತಿ ಏಳುವುದಕ್ಕೆ ಮುಂಚೆ, ಅರ್ಧ ಎದ್ದ ಸ್ಥಿತಿಯಲ್ಲಿ, ಟೈಪ್‌ರೈಟರಿನಲ್ಲಿ ಒಂದು ಸಾಲು ಬಡಿದು ನಿಂತುಬಿಡುತ್ತಿದ್ದರು: ಶುರು ಮಾಡುವ ಮುಂಚೆ ಹೇಳುವುದೇನಾದರೂ ಇದೆಯೇ? ಎಷ್ಟು ಮೆಮೊರಿ ಇದೆ, ಅದರಲ್ಲಿ ಯಾವ ಬೋರ್ಡನ್ನು ಮುಟ್ಟಬಾರದು, ಪ್ರಿಂಟರು ಇದೆಯೋ ಇಲ್ಲವೋ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಆಗಲೇ ಹೇಳಬೇಕು. ಹೇಳಿದರೆ ಹೇಳಿದ ಹಾಗೆ ಏಳುತ್ತಿತ್ತು. ಬರೀ ರಿಟರ್ನ್ ಒತ್ತಿದರೆ, ಇವರದು ಏನೂ ತಕರಾರಿಲ್ಲ ಎಂದುಕೊಂಡು ತನಗೆ ಗೊತ್ತಿದ್ದ ಹಾಗೆ ಎದ್ದುಬಿಡುತ್ತಿತ್ತು. ಎದ್ದ ಮೇಲೆ ನೀವು ತಲೆ ಚಚ್ಚಿಕೊಂಡರೂ ಕೇಳುತ್ತಿರಲಿಲ್ಲ. ಇಡೀ ದಿನದ ನಡತೆ ಆ ಒಂದು ಗಳಿಗೆಯಲ್ಲಿ ತೀರ್ಮಾನವಾಗುತ್ತಿತ್ತು. ಹಿಂದೆ ಯಾರೋ ಆ ಸಾಲಿನಲ್ಲಿ ಏನೋ ತಪ್ಪು ಬಡಿದು ಇಡೀ ದಿನ ಪ್ರಿಂಟರು ಸತ್ತು ಬಿದ್ದಿತ್ತಂತೆ. ಆಗ ಅಂಟಿಸಿದ್ದು ಆ ಚೀಟಿ.

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದ್ದೆ. ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಕುರಿ, ಜೊತೆಗೆ ಒಂದಿಷ್ಟು ಹೊಲ. ಹೊರಡುವ ಹೊತ್ತಿಗೆ ಯಾರನ್ನೂ ಏನೂ ಕೇಳಬಾರದು, ಅಪಶಕುನ ಅನ್ನುವ ಪೈಕಿ ನಮ್ಮಪ್ಪ. ಕುರಿ ಹೊಡೆದುಕೊಂಡು ಹೊರಟವನನ್ನು ಯಾವ ಕಡೆ ಅಂತ ಯಾರಾದರೂ ಕೇಳಿದರೆ ತಿರುಗಿ ಬಂದು ಒಂದು ಚೊಂಬು ನೀರು ಕುಡಿದು ಮತ್ತೆ ಹೊರಡುವವನು. ಹೊರಟಾಗಲೇ ಕೇಳುವ ಯಂತ್ರ ಉದ್ಧಾರ ಆಗಲ್ಲ ಅಂತ ಅವನು ಅಂದೇ ಭವಿಷ್ಯ ಹೇಳಿದ್ದ.

ಅಪ್ಪನಿಗೂ ನನಗೂ ಒಂದು ಕರಾರು ಇತ್ತು. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರಿಗೆ ನಾನು ಓದಿದ್ದು ಸೈ, ಕೆಲಸ ಮಾಡುವುದು ಬೇಡ. ನಾನು ಒಲ್ಲೆ ಅಂದಿದ್ದೆ. ಅವ್ವ ಅತ್ತಳು, ಅಣ್ಣಂದಿರು ಮುಖ ತಿರುಗಿಸಿದರು. ಅಪ್ಪ ಮಾತ್ರ ಬೀಡಿ ಹಚ್ಚಿಕೊಂಡು ತುಂಬಾ ಹೊತ್ತು ಯೋಚನೆ ಮಾಡಿ ಹೇಳಿದ.

“ಕೆಲ್ಸ ಇರೋ ಗಂಟ ನಿನ್ ಮಾತು. ಕೆಲ್ಸ ಹೋದ ದಿನ ನನ್ ಮಾತು. ಆಗ ಎದುರು ಆಡಂಗಿಲ್ಲ.”

ಆಗಲಿ ಅಂದೆ. ಅಪ್ಪ ಮಾತಿಗೆ ತಪ್ಪುವವನಲ್ಲ. ನಾನೂ ಅವನ ಮಗಳೇ.

ಅಂಥ ಹೊತ್ತಿನಲ್ಲಿ ಕರ್ನಲ್ ಸಾಹೇಬರು ಬೀಳತೊಡಗಿದರು. ಬೇಸಿಗೆ, ದುರ್ಗದ ಬಂಡೆಗಳೆಲ್ಲ ಕಾದು ಊರಿಗೇ ಬಿಸಿ ಉಸಿರು ಬಿಡುವ ಕಾಲ. ಊಟದ ಹೊತ್ತು ದಾಟಿ ತಗಡು ಕಾದ ಮೇಲೆ, ಹೊಸದುರ್ಗದ ಚೀಟಿಗಳ ನಡುವೆ ಎಲ್ಲೋ, ದೀಪಗಳೆಲ್ಲ ಇದ್ದಲ್ಲೇ ನಿಂತುಬಿಡುತ್ತಿದ್ದವು. ಅಲ್ಲಿಯ ತನಕದ ಲೆಕ್ಕ ಮಣ್ಣುಪಾಲು. ಮತ್ತೆ ಎಬ್ಬಿಸಿ ಮತ್ತೆ ಮೊದಲಿಂದ ಮಾಡಬೇಕು. ಮತ್ತೆ ಬೀಳುತ್ತಿತ್ತು. ಗೋದಾಮುಗಳಲ್ಲಿ ಶೇಂಗಾ ಹಾಕಿದವರು ಕಚೇರಿಗೆ ಬಂದು ಕೂಗಾಡತೊಡಗಿದರು. ಮ್ಯಾನೇಜರರು ಆ ಕೂಗನ್ನು ತಂದು ನಮ್ಮ ಕೋಣೆಯಲ್ಲಿ ಸುರಿಯುತ್ತಿದ್ದರು.

ಬೆಂಗಳೂರಿನ ಎಂಜಿನಿಯರಿಗೆ ಟ್ರಂಕ್ ಕಾಲ್ ಹಾಕಿದರು. ಅವರು ಮದರಾಸಿನ ಕಡೆಯವರು, ಕನ್ನಡ ಮಾತಾಡುತ್ತಿದ್ದರು, ಆದರೆ ನಮ್ಮ ಮಂಡಿಯ ಕನ್ನಡ ಕೇಳಿದವರಲ್ಲ. ಮೆಮೊರಿ ಬೋರ್ಡುಗಳ ಪೈಕಿ ಒಂದು ಕೆಟ್ಟಿರಬೇಕು, ಯಾವುದಾದರೂ ಸುಟ್ಟ ಹಾಗೆ ಕಾಣುತ್ತದೆಯೇ ನೋಡಿ ಅಂದರಂತೆ. ಸ್ಟೋರ್ ಕೀಪರು ನೋಡಿದರು. ಇತ್ತು. ಒಂದು ಬೋರ್ಡಿನ ಅಂಚು ರೊಟ್ಟಿ ಸೀದ ಹಾಗೆ ಕಂದಾಗಿತ್ತು. ಅದರ ಮೇಲೆ ಅವರೇ ಹಿಂದೆ ಬರೆದ ನಾಲ್ಕರ ಅಂಕಿ. ಯಂತ್ರ ಲಾರಿಯಿಂದ ಇಳಿದಾಗ ಬೋರ್ಡುಗಳು ಬೇರೆ ಬೇರೆ ಡಬ್ಬಗಳಲ್ಲಿದ್ದವು. ಅದಲು ಬದಲಾಗದಿರಲಿ ಅಂತ ಚೀಲಕ್ಕೆ ಗುರುತು ಹಾಕುವ ಬಣ್ಣದಲ್ಲಿ ಒಂದೊಂದಕ್ಕೂ ಅಂಕಿ ಬರೆದಿದ್ದರು. ಕಿತ್ತುಬಿಡಲಾ ಸಾರ್ ಅಂದರೆ ಬೇಡ ಅಂದರು ಎಂಜಿನಿಯರು. ನಡುವಿನದನ್ನು ಕಿತ್ತರೆ ಅದರಾಚೆಯವೂ ಸಿಗುವುದಿಲ್ಲ, ಎಬ್ಬಿಸುವಾಗ ಆ ಸಾಲಿನಲ್ಲಿ ಇಂಥದ್ದನ್ನು ಬಿಡು ಎಂದು ಹೇಳಿದರೆ ಸಾಕು. ಆಮೇಲೆ ಅವರೊಂದು ಪ್ರಶ್ನೆ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಸ್ಟೋರ್ ಕೀಪರು ಫೋನಿನಲ್ಲಿ ಕೂಗಿಕೊಂಡದ್ದು ಇಡೀ ಕಚೇರಿಗೆ ಕೇಳಿಸಿತು.

“ಒಂದರಿಂದ ಎಣ್ಸಿಲ್ರಿ ಸಾರ್. ಲಾಭದಿಂದ ಎಣ್ಸೀವಿ. ಹೂಂ, ಲಾಭನೇ ಮೊದ್ಲು.”

ಎಂಜಿನಿಯರು ಹಾಗಾದರೆ ನಾಲ್ಕು ಅಂತಲೇ ಬಡಿಯಿರಿ ಅಂದರು. ಮ್ಯಾನೇಜರರು ಚೀಟಿಯನ್ನು ಅಷ್ಟರ ಮಟ್ಟಿಗೆ ಸಡಿಲಿಸಿದರು. ಹಿರಿಯ ಆಪರೇಟರು ನಾಲ್ಕನ್ನು ಬಿಡು ಎಂದು ಬಡಿದರು. ಮಧ್ಯಾಹ್ನ ತಗಡು ಕಾಯಿತು, ಸಾಹೇಬರು ಬಿದ್ದರು. ಮರುದಿನವೂ ಬಿದ್ದರು. ಇನ್ನೊಂದು ಟ್ರಂಕ್ ಕಾಲ್. ಕೆಟ್ಟದ್ದನ್ನು ಬಿಟ್ಟ ಮೇಲೂ ಬೀಳುತ್ತಿದೆ ಅಂದರೆ ರೋಗ ಬೇರೆಲ್ಲೋ ಒಳಗಿದೆ, ಈ ಮಾದರಿಗೆ ಬಿಡಿಭಾಗ ಸಿಗುವುದಿಲ್ಲ, ವಾಪಸು ಕಳಿಸಿಬಿಡಿ ಅಂತ ಅವರು ಬೇಜಾರಿನಿಂದಲೇ ಹೇಳಿದರಂತೆ. ಮ್ಯಾನೇಜರರಿಗೆ ಬೇಕಾಗಿದ್ದೂ ಅದೇ. ಆ ಕೋಣೆಯನ್ನು ಶೇಂಗಾ ಸ್ಯಾಂಪಲ್ ಇಡುವುದಕ್ಕೆ ಕೊಡುವುದು, ಸೋಮವಾರ ಲಾರಿ, ಪಂಚ್ ಮಾಡುವ ಹುಡುಗಿಗೆ ತಿಂಗಳ ಕೊನೆಗೆ ಕಾಯಂ ರಜಾ. ನನ್ನ ಎದುರಿಗೇ, ನಾನೊಂದು ಸ್ಟೂಲೇನೋ ಅನ್ನುವ ಹಾಗೆ, ಗುಮಾಸ್ತರಿಗೆ ಹೇಳಿ ಬರೆಸಿದರು.

ಸುದ್ದಿ ಹರಿಯಬ್ಬೆಗೆ ನನಗಿಂತ ಮೊದಲು ಮುಟ್ಟಿತು. ನಮ್ಮ ಕಡೆಯ ಬಸ್ಸುಗಳು ಜನರಿಗಿಂತ ಹೆಚ್ಚು ಸುದ್ದಿಯನ್ನೇ ಹೊರುತ್ತವೆ. ಭಾನುವಾರ ಶ್ರೀರಾಂಪುರದವರು ಬರುತ್ತಾರೆ, ತಪ್ಪದೆ ಬಾ ಎಂದು ಅಪ್ಪ ಹೇಳಿಕಳಿಸಿದ. ಆ ರಾತ್ರಿ ಅತ್ತೆಯ ಮನೆಯಲ್ಲಿ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಯಾವುದೋ ಸೀದ ಬೋರ್ಡಿನ ದೆಸೆಯಿಂದ ನಾನು ಶ್ರೀರಾಂಪುರಕ್ಕೆ ಹೋಗಬೇಕೇ?

ಶನಿವಾರ ಬೆಳಿಗ್ಗೆ ಹಿರಿಯ ಆಪರೇಟರು ಯಂತ್ರವನ್ನು ಕಡೆಯ ಬಾರಿಗೆ ಎಬ್ಬಿಸುತ್ತಿದ್ದರು. ಆದೇಶ ಇನ್ನೂ ರದ್ದಾಗಿರಲಿಲ್ಲವಾದ್ದರಿಂದ ನಾಲ್ಕನ್ನು ಬಿಡು ಎಂದು ಬಡಿದರು. ಟೈಪ್‌ರೈಟರು ಎಂದಿನಂತೆ, ತಾನು ಇಟ್ಟುಕೊಂಡ ಬೋರ್ಡುಗಳನ್ನು ಸಾಲಾಗಿ ಹೊಡೆಯಿತು: ಸೊನ್ನೆ, ಒಂದು, ಎರಡು, ಮೂರು, ಐದು. ಗಾಳಿಯಾಡಲಿ ಅಂತ ಪೆಟ್ಟಿಗೆಯ ಬಾಗಿಲು ತೆಗೆದಿಟ್ಟಿದ್ದರು. ನಾನು ಬಟ್ಟೆ ಹಿಡಿದು ಅದರ ಧೂಳು ಒರೆಸುತ್ತಿದ್ದೆ. ಹೋಗುವಾಗಲಾದರೂ ಚೊಕ್ಕಟವಾಗಿ ಹೋಗಲಿ ಅಂತ. ಸ್ಟೋರ್ ಕೀಪರು ಬರೆದ ಬಣ್ಣದ ಅಂಕಿಗಳನ್ನು ಮೇಲಿಂದ ಕೆಳಕ್ಕೆ ಒರೆಸುತ್ತಾ ಬಂದೆ. ಲಾ. ಎರಡು. ಮೂರು. ನಾಲ್ಕು. ಐದು. ಆರು.

ಕೈ ನಿಂತಿತು. ಕಾಗದದಲ್ಲಿ ಒಂದು ಇತ್ತು. ಪೆಟ್ಟಿಗೆಯಲ್ಲಿ ಒಂದು ಇರಲಿಲ್ಲ.

ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ. ಮೊದಲ ಸೇರಿಗೆ ಲಾಭ ಅನ್ನುತ್ತಾರೆ, ಅದರ ಹಿಂದೆಯೇ ಎರಡು. ಲಾಭವೇ ಒಂದು. ಹುಟ್ಟಿದಾಗಿನಿಂದ ಕೇಳಿದ್ದು, ಹಾಗಾಗಿ ಅದರಲ್ಲಿ ಯೋಚನೆ ಮಾಡುವಂಥದ್ದು ಇದೆಯೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಫೋನಿನ ಆ ತುದಿಯಲ್ಲಿದ್ದ ಎಂಜಿನಿಯರು ಪಾಪ ಏನು ಮಾಡಿಯಾರು? ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಇವರು ಒಂದಕ್ಕಿಂತ ಮುಂಚೆ ಏನೋ ಲಾಭ ಅನ್ನುತ್ತಿದ್ದಾರೆ, ಅಂದರೆ ಅದೇ ಇವರ ಸೊನ್ನೆ, ಅದಾದ ಮೇಲೆ ಒಂದು ಬರುತ್ತದೆ ಅಂದುಕೊಂಡರು. ಒಂದು ಬರುವುದೇ ಇಲ್ಲ ಅಂತ ಅವರಿಗೆ ಹೇಳುವವರು ಯಾರು? ಬಣ್ಣದ ನಾಲ್ಕು ಯಂತ್ರದ ಮೂರು. ನಾವು ಇಷ್ಟು ದಿನ ಪಕ್ಕದ ಒಳ್ಳೆಯ ಬೋರ್ಡನ್ನು ಹೊರಗಿಟ್ಟು, ಸೀದದ್ದನ್ನು ಒಳಗೇ ಇಟ್ಟುಕೊಂಡಿದ್ದೆವು.

ಮ್ಯಾನೇಜರರ ಕೋಣೆಗೆ ಹೆಚ್ಚು ಕಡಿಮೆ ಓಡಿದೆ. ಅವರು ಹೊಳಲ್ಕೆರೆಯ ಗೋದಾಮಿಗೆ ಹೊರಟು ನಿಂತಿದ್ದರು. ಲಾಭ, ಸೊನ್ನೆ, ಮೂರು ಅಂತ ನಾನು ಉಸಿರು ಬಿಡದೆ ಹೇಳಿದ್ದರಲ್ಲಿ ಅವರು ಎಷ್ಟು ಕೇಳಿಸಿಕೊಂಡರೋ. ಎಂಜಿನಿಯರು ಹೇಳಿಯಾಗಿದೆ, ಲಾರಿಗೆ ಹೇಳಿಯಾಗಿದೆ, ನೀನು ಪಂಚ್ ಮಾಡುವವಳು ಪಂಚ್ ಮಾಡಮ್ಮ, ಇನ್ನು ಆ ಯಂತ್ರದ ಸಾಲಿಗೆ ಯಾರೂ ಕೈ ಹಚ್ಚಕೂಡದು, ರಿಟರ್ನ್ ಒತ್ತಿ ಕೈ ಮುಗಿಯಿರಿ ಅಂದರು. ಜೀಪು ಹೋಯಿತು. ಅದರ ಧೂಳು ಕೂರುವ ತನಕ ಅಂಗಳದಲ್ಲೇ ನಿಂತಿದ್ದೆ. ಅಷ್ಟು ಹೊತ್ತಿಗೆ ನನ್ನ ತೀರ್ಮಾನ ಆಗಿಹೋಗಿತ್ತು.

ಹಿರಿಯ ಆಪರೇಟರಿಗೆ ಬೋರ್ಡು ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು, ಮುಖ ಅರಳಿತು, ಆಮೇಲೆ ಗೋಡೆಯ ಚೀಟಿ ನೋಡಿ ಬಾಡಿತು. ಅವರಿಗೆ ಮಕ್ಕಳಿದ್ದರು, ಮುಂದೆ ಇನ್ನೂ ಸರ್ವಿಸ್ ಇತ್ತು. ನಾನು ಟೀ ಕುಡಿದು ಬರ್ತೀನಮ್ಮ ಅಂದರು. ಟೀ ಅಂಗಡಿ ರಸ್ತೆಯಾಚೆಗಿತ್ತು. ಅವರು ಸಂಜೆಯ ತನಕ ಟೀ ಕುಡಿದರು.

ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಿದೆ. ಸ್ವಿಚ್ಚುಗಳ ಕ್ರಮ ನನಗೆ ನೋಡಿ ನೋಡಿಯೇ ಬಾಯಿಪಾಠವಾಗಿತ್ತು. ಪಟ್ಟಿ ಸರಸರನೆ ಒಳಗೆ ಹೋಯಿತು. ಟೈಪ್‌ರೈಟರು ತನ್ನ ಸಾಲು ಬಡಿದು ನಿಂತಿತು. ಆ ಕುರ್ಚಿಯಲ್ಲಿ ನಾನು ಅದೇ ಮೊದಲು ಕೂತದ್ದು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಖುಷಿ ಆಯಿತು. ಅಷ್ಟು ದಿನಗಳಲ್ಲಿ ಆ ಕಟ್ಟಡದಲ್ಲಿ ನನ್ನನ್ನು ನೇರವಾಗಿ ಏನಾದರೂ ಕೇಳಿ, ಉತ್ತರಕ್ಕಾಗಿ ಕಾದು ಕೂತದ್ದು ಅದೊಂದೇ. ಮೂರನ್ನು ಬಿಡು ಎಂದು ಬಡಿದೆ. ಸೊನ್ನೆ, ಒಂದು, ಎರಡು, ನಾಲ್ಕು, ಐದು ಎಂದು ಅದು ಒಪ್ಪಿಕೊಂಡಿತು.

ಹಿರಿಯೂರಿನ ಪಟ್ಟಿ ಹಾಕಿದೆ. ಮುಗಿಯಿತು. ಹೊಸದುರ್ಗದ್ದು ಹಾಕುವ ಹೊತ್ತಿಗೆ ತಗಡು ಟಣ್ ಟಣ್ ಅಂತ ಸಿಡಿಯತೊಡಗಿತ್ತು. ಸಾಹೇಬರು ದಿನಾ ಬೀಳುತ್ತಿದ್ದ ಹೊತ್ತು. ಸ್ಟೋರ್ ಕೀಪರು ಬಂದು ಬಾಗಿಲಲ್ಲಿ ನಿಂತರು. ತಾವು ಬರೆದ ಅಂಕಿಯ ಕಥೆ ಕೇಳಿ ಒಮ್ಮೆ ಹಣೆ ಚಚ್ಚಿಕೊಂಡು, ಎಲ್ಲಾದರೂ ಒಂದು ಅಂತ ಶುರು ಮಾಡ್ತಾರೇನವ್ವ ಅಂತ ನನ್ನನ್ನೇ ತಿರುಗಿ ಕೇಳಿದರು. ದೀಪಗಳು ಓಡುತ್ತಲೇ ಇದ್ದವು. ಹೊಸದುರ್ಗ ಮುಗಿಯಿತು. ಹೊಳಲ್ಕೆರೆಯದೂ ಮುಗಿಯುತ್ತಾ ಬಂದಿತ್ತು, ಪ್ರಿಂಟರು ಮನೆ ಮುರಿಯುವ ಹಾಗೆ ಸದ್ದು ಮಾಡುತ್ತಿತ್ತು, ಆಗ ಜೀಪು ಬಂತು.

ಮ್ಯಾನೇಜರರು ಒಳಗೆ ಬಂದು ಮೊದಲು ನೋಡಿದ್ದು ಪ್ರಿಂಟರನ್ನಲ್ಲ, ಕುರ್ಚಿಯನ್ನು. ನಾನು ಏಳಲಿಲ್ಲ. ಬೇಕೆಂದೇ ಏಳಲಿಲ್ಲ.

“ಆ ಚೀಟಿ ಓದೋಕೆ ಬರಲ್ವೇನಮ್ಮ ನಿನಗೆ?”

“ಬರ್ತದೆ ಸಾರ್. ಅದು ಕೇಳ್ತು, ನಾನು ಹೇಳ್ದೆ.”

ಅವರ ಕಿವಿ ಕೆಂಪಾಯಿತು. ಆಜ್ಞೆ ಮೀರಿದ್ದಕ್ಕೆ ಮೆಮೊ ಕೊಡುತ್ತೇನೆ ಅಂದರು. ಕೊಡಿ ಅಂದೆ. ಆದರೆ ಬಾಯಲ್ಲಿ ಬೈಯುತ್ತಲೇ ಅವರ ಕೈ ಪ್ರಿಂಟರಿನ ಕಾಗದವನ್ನು ಎತ್ತಿ ಹಿಡಿದಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೂರರ ಮೊತ್ತಗಳೂ ಬಹಳ ದಿನಗಳ ಮೇಲೆ ಒಂದೇ ದಿನ ಒಂದೇ ಕಾಗದದಲ್ಲಿ ಬಂದಿದ್ದವು. ಓದಿ ಮಡಚಿಕೊಂಡು ಹೋದರು. ಶಭಾಷ್ ಅನ್ನಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗುಮಾಸ್ತರು ಬಂದು, ಲಾರಿ ಬೇಡ ಅಂದರಂತೆ, ನಿಮ್ಮ ಮೆಮೊ ಇಲ್ಲಿದೆ ಅಂತ ಎರಡನ್ನೂ ಒಟ್ಟಿಗೇ ತಿಳಿಸಿದರು. ಮೆಮೊವನ್ನು ಮಡಿಸಿ ಜಂಬದ ಚೀಲದಲ್ಲಿ ಇಟ್ಟುಕೊಂಡೆ. ಆ ಚೀಲಕ್ಕೆ ಆ ಹೆಸರು ಒಪ್ಪಿದ್ದು ಅವತ್ತೇ.

ಭಾನುವಾರ ಹರಿಯಬ್ಬೆಯಲ್ಲಿ ಇಳಿದಾಗ ಶ್ರೀರಾಂಪುರದವರು ಆಗಲೇ ಬಂದು ಜಗಲಿಯಲ್ಲಿ ಕೂತಿದ್ದರು. ಅಪ್ಪನಿಗೆ ಯಂತ್ರದ ವಿಚಾರ ಹೇಳಲು ಸಮಯವೇ ಸಿಗಲಿಲ್ಲ. ಅವ್ವ ನನ್ನನ್ನು ಹಿತ್ತಲ ಬಾಗಿಲಿಂದ ಒಳಗೆ ಎಳೆದುಕೊಂಡು, ಸೀರೆ ಉಡಿಸಿ, ಯಾರು ಏನು ಕೇಳಿದರೂ ತಲೆ ತಗ್ಗಿಸಿಕೊಂಡು ಸುಮ್ಮನಿರು, ಉಳಿದದ್ದು ನಾವು ನೋಡಿಕೊಳ್ತೀವಿ ಅಂದಳು. ಗೋಡೆಯ ಚೀಟಿಯನ್ನೇ ಓದಿದ ಹಾಗಿತ್ತು. ಕಾಫಿ ಲೋಟಗಳನ್ನು ಹಿಡಿದುಕೊಂಡು ಹೊರಗೆ ಬಂದೆ. ಹುಡುಗನ ತಾಯಿ ನನ್ನನ್ನು ನೋಡಿದರು. ನೋಡುವುದಕ್ಕೆ ಸೌಮ್ಯವಾದ ಹೆಂಗಸು, ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅವರು ಕೇಳಿದ್ದು ಮಾತ್ರ ನನ್ನನ್ನಲ್ಲ, ಅಪ್ಪನನ್ನು.

“ಹುಡ್ಗಿ ಕೆಲ್ಸ ಬಿಡ್ತಾಳಲ್ವೇನ್ರಿ? ಆ ಯಂತ್ರನೂ ಹೋಯ್ತಂತೆ.”

ಅವ್ವನ ಮೊಣಕೈ ನನ್ನ ಪಕ್ಕೆಗೆ ತಾಗಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲವೂ ಅದರಷ್ಟಕ್ಕೆ ಶುರುವಾಗಿಬಿಡುತ್ತದೆ, ಶುರುವಾದ ಮೇಲೆ ಯಾರೂ ನನ್ನನ್ನು ಮತ್ತೆ ಕೇಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

“ಯಂತ್ರ ಐತೆ. ಕೆಲ್ಸ ಐತೆ. ನಾನು ಬಿಡಲ್ಲ” ಅಂದೆ.

ದೊಡ್ಡಣ್ಣ ಹಲ್ಲು ಕಡಿದ. ಹುಡುಗನ ಮಾವನೋ ಯಾರೋ, ಹೆಣ್ಣು ಹುಡುಗಿ ಹೀಗೆ ಎದುರು ಮಾತಾಡುವುದೇ ಅಂತ ಅಪ್ಪನ ಕಡೆ ತಿರುಗಿದರು. ನಾನೂ ಅಪ್ಪನನ್ನೇ ನೋಡಿದೆ. ಯಂತ್ರ ಹೋದ ಸುದ್ದಿಯನ್ನು ನಂಬಿ, ಈಗ ತನ್ನ ಮಾತಿನ ದಿನ ಬಂತು ಎಂದುಕೊಂಡು ಅವರನ್ನೆಲ್ಲ ಕರೆಸಿದವನು ಅವನು. ನಾಲ್ಕು ಜನರ ಮುಂದೆ ಅವನ ತಲೆ ತಗ್ಗಿಸಿದ್ದೆ. ಅವನು ಕೂಗಿದ್ದರೂ, ಎದ್ದು ಒಂದು ಏಟು ಹಾಕಿದ್ದರೂ ಊರು ಅವನನ್ನೇ ಸರಿ ಅನ್ನುತ್ತಿತ್ತು. ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ.

“ನೀವು ಕೇಳಿದ್ರಿ, ಅವ್ಳು ಹೇಳಿದ್ಲು” ಅಂದ. “ಕಾಫಿ ಕುಡೀರಿ.”

ಅವರು ಕುಡಿದರು, ಹೊರಟರು. ಅವ್ವ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ, ಅಣ್ಣಂದಿರು ಆ ವರ್ಷವೆಲ್ಲ ಮಾತಾಡಲಿಲ್ಲ. ಅಪ್ಪ ಏನನ್ನೂ ಕೇಳಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಅವನೇ ನನ್ನ ಚೀಲ ಹಿಡಿದುಕೊಂಡು ಬಂದ. ದಾರಿಯಲ್ಲಿ ಕುರಿಗಳು ಅಡ್ಡ ಬಂದವು, ಇಬ್ಬರೂ ಸೇರಿ ದಾಟಿಸಿದೆವು. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಹೊರಟವರನ್ನು ಜನ್ಮದಲ್ಲಿ ಏನೂ ಕೇಳದ ಮನುಷ್ಯ, ಚೀಲವನ್ನು ಕೈಗೆ ಕೊಡುತ್ತಾ ಕೇಳಿದ.

“ಆ ನಿನ್ ಯಂತ್ರ, ದಿನಾ ಕೇಳ್ತೈತಾ?”

“ದಿನಾ ಕೇಳ್ತೈತಪ್ಪ. ಎದ್ದ ಕೂಡ್ಲೇ.”

ಅಪ್ಪ ಚೀಲದಿಂದ ಕೈ ತೆಗೆದ.

“ಹಂಗಾದ್ರೆ ದಿನಾ ಹೇಳು” ಅಂದ.